ಕಾಲ್ಚೀಲದ ಯಂತ್ರದ ಗುಡ್ಡ

ಮೊನ್ನೆ ನಮ್ಮ ಮನೆಯ ಮಿಕ್ಸಿ ಚಟ್ನಿ ಅರೆಯುತ್ತಿದ್ದ ಹಾಗೆಯೇ ಒಂದು ಸಲ ಕಿರುಚಿ ನಿಂತುಬಿಟ್ಟಿತು. ಅಡುಗೆಮನೆಯ ತುಂಬ ಸುಟ್ಟ ರಬ್ಬರಿನ ವಾಸನೆ. ಜಾರನ್ನು ಎತ್ತಿ ತಿರುವಿ ನೋಡಿದೆ. ಬುಡದಲ್ಲಿ ತಿರುಗುವ ಹಲ್ಲಿನ ಬಿಲ್ಲೆಯೊಂದು ಇರುತ್ತದಲ್ಲ, ಹಳೆಯ ರೂಪಾಯಿಯಷ್ಟು ಅಗಲದ್ದು, ಅದರ ಹಲ್ಲೆಲ್ಲ ಸವೆದು ಬೋಳಾಗಿತ್ತು. ಇಷ್ಟೇ ತಾನೆ ಎಂದುಕೊಂಡು ಅದನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ತ್ಯಾಗರಾಜನಗರದಿಂದ ಬಸವನಗುಡಿಯ ಅಂಗಡಿಯವರೆಗೆ ಬಿಸಿಲಿನಲ್ಲಿ ನಡೆದುಕೊಂಡು ಹೋದೆ. ಅಂಗಡಿಯಾತ ಅದನ್ನು ಕೈಯಿಂದ ಮುಟ್ಟಲೂ ಇಲ್ಲ.

"ಇದರ ಪಾರ್ಟ್ ಬರಲ್ಲ ಸಾರ್. ಮಾಡೆಲ್ ನಿಲ್ಲಿಸ್ಬಿಟ್ಟಿದಾರೆ. ಹೊಸಾದೇ ತಗೊಂಡ್ಬಿಡಿ."

ನೀವೇ ಹೇಳಿ, ಎರಡು ಬೆರಳಿನಲ್ಲಿ ಹಿಡಿಯುವಂಥ ಬಿಲ್ಲೆ ಸವೆಯಿತೆಂದು ಮೋಟಾರು, ಜಾರು, ಮುಚ್ಚಳ ಎಲ್ಲವನ್ನೂ ಬೀದಿಗೆ ಎಸೆಯಬೇಕಂತೆ. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು ಅಂದರೆ ಹೊಸ ಕಾಲು ಹಾಕಿಸಿಕೊಳ್ಳಿ ಅಂದ ಹಾಗಾಯಿತು. ಅಂಗಡಿಯಲ್ಲೇ ನಿಂತು ಆ ಮನುಷ್ಯನಿಗೆ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಅವನು ಕೇಳಿದ, ಆಕಳಿಸಿದ, ಪಕ್ಕದವರಿಗೆ ಇಸ್ತ್ರಿಪೆಟ್ಟಿಗೆ ತೋರಿಸಲು ಹೋದ. ನಾನು ಉರಿಯುತ್ತ ಮನೆಗೆ ಬಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಎಂಜಿನಿಯರಾಗಿ ಮೂವತ್ತು ವರ್ಷ ಕೆಲಸ ಮಾಡಿದವನಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ಬಾಗಿಲಲ್ಲೇ ನನ್ನ ಹೆಂಡತಿ ಅಂದಳು, "ಒಂದು ತಿಂಗಳಿಂದ ಹೇಳ್ತಿದೀನಿ, ಸದ್ದು ಬೇರೆ ಥರ ಬರ್ತಿದೆ ಅಂತ. ಕೇಳಿದ್ರಾ?"

"ಸದ್ದಿನ ವಿಷಯ ನಿನಗೇನು ಗೊತ್ತು, ಸುಮ್ನಿರು," ಎಂದು ಕುರ್ಚಿಯಲ್ಲಿ ಕೂತೆ. ಕೂತ ಮೇಲೆ, ಅಂಗೈಯಲ್ಲಿದ್ದ ಆ ಸವೆದ ಬಿಲ್ಲೆಯನ್ನು ನೋಡುತ್ತ ನೋಡುತ್ತ, ನಾಗತ್ತೆ ನೆನಪಾದಳು. ನೆನಪಾಗಬಾರದಿತ್ತು. ಆದರೆ ಸವೆದದ್ದು ಏನೇ ಕೈಗೆ ಸಿಕ್ಕರೂ ನನಗೆ ಅವಳು ನೆನಪಾಗಿಯೇ ಆಗುತ್ತಾಳೆ.

ನಾಗತ್ತೆ ಅಂದರೆ ನಮ್ಮ ತಂದೆಯ ತಂಗಿ. ಮೂವತ್ತು ತುಂಬುವಷ್ಟರಲ್ಲಿ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಮಲ್ಲೇಶ್ವರದಲ್ಲಿದ್ದ ಅವಳ ಭಾವನವರು, ಗಂಡನ ಅಣ್ಣ, ದೊಡ್ಡ ಮನಸ್ಸು ಮಾಡಿ ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. 'ದೊಡ್ಡ ಮನಸ್ಸು' ಎಂಬುದು ಅವರದೇ ಮಾತು, ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮನೆಯಲ್ಲಿ ಹದಿನಾಲ್ಕು ಜನ. ಅತ್ತೆಯನ್ನು ಅಲ್ಲಿ ಯಾರೂ ಬೈಯುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬೆಳಿಗ್ಗೆ ನಾಲ್ಕೂವರೆಗೆ "ನಾಗೂ, ಕಾಫಿ" ಎಂದು ಶುರುವಾದದ್ದು ರಾತ್ರಿ "ನಾಗೂ, ಹಾಲಿಗೆ ಹೆಪ್ಪು ಹಾಕಿದ್ಯಾ" ಎನ್ನುವವರೆಗೆ ನಡೆಯುತ್ತಿತ್ತು. ಎರಡು ವರ್ಷದಲ್ಲಿ ಅವಳೊಂದಿಗೆ ಆ ಮನೆಯಲ್ಲಿ ಯಾರಾದರೂ ಆಡಿದ ಮಾತುಗಳೆಲ್ಲ ತಿನ್ನುವ, ಕುಡಿಯುವ ಪದಾರ್ಥಗಳ ಹೆಸರುಗಳೇ.

ಆಮೇಲೆ ಒಂದು ದಿನ ಅತ್ತೆ ತನ್ನ ಕೈಬಳೆಗಳನ್ನು ಮಾರಿದಳು. ಕಂಟೋನ್ಮೆಂಟಿನಲ್ಲಿ ಊರಿಗೆ ಹೊರಟಿದ್ದ ದೊರೆಸಾನಿಯೊಬ್ಬಳಿಂದ ಕಾಲ್ಚೀಲ ಹೆಣೆಯುವ ಕೈಯಂತ್ರವೊಂದನ್ನು ಕೊಂಡಳು. ಚಾಮರಾಜಪೇಟೆಯ ಒಂದು ವಠಾರದಲ್ಲಿ ಎರಡು ಕೋಣೆ ಹಿಡಿದು ಬೇರೆ ಇರತೊಡಗಿದಳು. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆವು, ನಮ್ಮ ತಂದೆಯೂ ಸೇರಿ.

ಆ ಯಂತ್ರವನ್ನು ನೀವು ನೋಡಿರಲಾರಿರಿ. ಮೇಜಿನ ಅಂಚಿಗೆ ತಿರುಪಿನಿಂದ ಕಚ್ಚಿಸಬೇಕು. ಕಾಫಿಬೀಜದ ಗಿರಣಿಗಿಂತ ಸ್ವಲ್ಪ ದೊಡ್ಡದು, ಪಕ್ಕದಲ್ಲಿ ಹಿಡಿ. ನಡುವೆ ಒಂದು ಕಬ್ಬಿಣದ ಉರುಳೆ, ಉರುಳೆಯ ಸುತ್ತ ಗೀರುಗಳಲ್ಲಿ ಎಪ್ಪತ್ತೆರಡು ಸೂಜಿಗಳು ನಿಂತಿರುತ್ತವೆ. ಹಿಡಿ ತಿರುಗಿಸಿದರೆ ಹೊರಗಿನ ಬಳೆ ಸುತ್ತುತ್ತದೆ. ಬಳೆಯ ಒಳಮೈಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಉಕ್ಕಿನ ತುಂಡು. ಸೂಜಿಗಳು ಒಂದರ ಹಿಂದೆ ಒಂದು ಆ ತುಂಡಿನ ಇಳಿಜಾರನ್ನು ಹತ್ತಿ ಇಳಿಯಬೇಕು. ಹತ್ತುವಾಗ ನೂಲು ಹಿಡಿಯುತ್ತವೆ, ಇಳಿಯುವಾಗ ಕುಣಿಕೆ ಹಾಕುತ್ತವೆ. ನಮ್ಮ ಕಾಲೇಜಿನ ಭಾಷೆಯಲ್ಲಿ ಅದು 'ಕ್ಯಾಮ್'. ಅತ್ತೆ ಅದನ್ನು 'ಗುಡ್ಡ' ಎನ್ನುತ್ತಿದ್ದಳು.

ಯುದ್ಧ ನಡೆಯುತ್ತಿದ್ದ ಕಾಲ. ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಜೇಬಿನಲ್ಲಿ ಸದಾ ಒಂದು ಅಳತೆಪಟ್ಟಿ, ತಲೆಯಲ್ಲಿ ಸದಾ ಗಾಳಿ. ಅದೇ ವರ್ಷ ಅತ್ತೆಗೆ ದೊಡ್ಡ ಕೆಲಸವೊಂದು ಸಿಕ್ಕಿತು: ಹತ್ತಿರದ ಶಾಲೆಯೊಂದರ ಕವಾಯತು ಹುಡುಗರಿಗೆ ಮೊಣಕಾಲುದ್ದದ ಖಾಕಿ ಕಾಲ್ಚೀಲ, ಎಂಬತ್ತು ಜೊತೆ. ಶಾಲೆಯ ವಾರ್ಷಿಕೋತ್ಸವದ ಒಳಗೆ ಕೊಡಬೇಕು. ಕೊಟ್ಟರೆ ವರ್ಷ ವರ್ಷವೂ ಅವಳಿಗೇ. ನೂಲು ಬಂದಾಗಿತ್ತು. ಆರನೆಯ ಜೊತೆಯ ಹೊತ್ತಿಗೆ ಕುಣಿಕೆಗಳು ಬಿಡತೊಡಗಿದವು. ಕಾಲ್ಚೀಲದಲ್ಲಿ ಇಲಿ ಕಡಿದಂತೆ ತೂತುಗಳು.

"ಗುಡ್ಡ ಸವೆದಿದೆ ಕಣೋ," ಎಂದಳು ಅತ್ತೆ.

ಮಲ್ಲೇಶ್ವರದ ಭಾವನವರಿಗೆ ಈ ಸುದ್ದಿ ಹೇಗೋ ಮುಟ್ಟಿತು. ಅವರು ಛತ್ರಿ ಊರಿಕೊಂಡು ಬಂದು, ವಠಾರದ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಅಂದರು. "ಮನೆತನದ ಹೆಣ್ಣುಮಗಳು ಊರವರ ಕಾಲಿಗೆ ಚೀಲ ಹೆಣೀಬೇಕೇನಮ್ಮಾ? ದೇವರೇ ಯಂತ್ರ ನಿಲ್ಲಿಸಿದ್ದಾನೆ. ಮುಂದಿನ ತಿಂಗಳು ಹುಣ್ಣಿಮೆ ಕಳೆದ ಮಾರನೇ ದಿನ ಜಟಕಾ ತರ್ತೀನಿ, ಸಾಮಾನು ಕಟ್ಟಿಟ್ಕೊಂಡಿರು."

ದೇವರಿಗೆ ಕಾಲ್ಚೀಲದ ಯಂತ್ರ ನಿಲ್ಲಿಸುವುದಕ್ಕಿಂತ ಬೇರೆ ಕೆಲಸವಿರಲಿಲ್ಲವೇ? ಈಗಲೂ ಆ ಮಾತು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ. ಅವರ ಮನೆಯ ಅಡುಗೆಯವಳು ಸಂಬಳ ಸಾಲದೆಂದು ಬಿಟ್ಟುಹೋಗಿ ವಾರವಾಗಿತ್ತು ಎಂಬುದು ಆಮೇಲೆ ತಿಳಿಯಿತು. ಭಾವನವರು ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿ ಅಂದಳು, "ನೋಡು ಮಗು, ಈ ಗುಡ್ಡ ಸರಿಹೋಗದಿದ್ದರೆ ನಾನು ಆ ಒಲೆ ಮುಂದೆ ಸಾಯ್ತೀನಿ. ಏನಾದರೂ ಮಾಡೋ."

ಮೊದಲು ವಿಲಾಯಿತಿ ಯಂತ್ರಗಳ ಏಜೆಂಟರ ಅಂಗಡಿಗೆ ಹೋದೆ. ಅಲ್ಲಿನವರು ಟೈ ಕಟ್ಟಿಕೊಂಡಿದ್ದರು. ಬಿಡಿಭಾಗ ಹಡಗಿನಲ್ಲಿ ಬರಬೇಕು, ಹಡಗುಗಳು ಮುಳುಗುತ್ತಿವೆ, ಯುದ್ಧ ಮುಗಿಯಲಿ ಎಂದರು. ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ಅದು ತಮ್ಮ ಅಂಗಡಿಗೆ ಸಂಬಂಧಿಸಿದ್ದಲ್ಲ ಎಂದರು. ಇಲ್ಲಿಯೇ ಮಾಡಿಸಬಹುದೇ ಎಂದದ್ದಕ್ಕೆ ಅವರು ನಕ್ಕ ನಗು ಇದೆಯಲ್ಲ, ಅದನ್ನು ನಾನು ನಲವತ್ತು ವರ್ಷದಿಂದ ಮರೆತಿಲ್ಲ. "ಇಂಡಿಯಾದಲ್ಲಾ? ಕ್ಯಾಮಾ?" ಎಂದು ಒಬ್ಬರು ಇನ್ನೊಬ್ಬರ ಮುಖ ನೋಡಿದರು.

ಅಲ್ಲಿಂದ ನೇರ ಕಾಟನ್‌ಪೇಟೆಗೆ ಹೋದೆ. ಮೂಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಕಬ್ಬಿಣದ ಕೆಲಸ ಮಾಡುವ ಸಿದ್ಧಾಚಾರ್ರ ಲೇತು ಇತ್ತು. ಸಣ್ಣ ಕೋಣೆ, ಒಂದು ಮೂಲೆಯಲ್ಲಿ ಕುಲುಮೆ, ನಡುವೆ ಚರ್ಮದ ಪಟ್ಟಿಯಿಂದ ತಿರುಗುವ ಲೇತು, ಗೋಡೆಯ ಮೇಲೆ ಸಾಲಾಗಿ ಅರಗಳು. ಅಕ್ಕಿ ಗಿರಣಿಯವರು, ಮುದ್ರಣಾಲಯದವರು, ಬಸ್ಸಿನವರು, ಹಡಗು ಬರದ ಆ ಕಾಲದಲ್ಲಿ ಎಲ್ಲರೂ ಅವರ ಬಾಗಿಲಿಗೇ ಬರುತ್ತಿದ್ದರು. ಸಿದ್ಧಾಚಾರ್ರಿಗೆ ಅರವತ್ತರ ಹತ್ತಿರ. ಕಿವಿಯಲ್ಲಿ ಒಂಟಿ, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ಅವರ ಕೆಲಸದ ರೀತಿ ಇಡೀ ಪೇಟೆಗೆ ಗೊತ್ತಿತ್ತು. ಕಾಗದ ನೋಡುವುದಿಲ್ಲ. ಮಾದರಿ ಕೊಡಬೇಕು. ಮಾದರಿ ಹೇಗಿದೆಯೋ ಹಾಗೆ ಮಾಡುತ್ತಾರೆ, ತಮ್ಮ ಬುದ್ಧಿ ಒಂದು ಗುಲಗಂಜಿಯಷ್ಟೂ ಸೇರಿಸುವುದಿಲ್ಲ. ಹಿಂದೊಮ್ಮೆ ಯಾರದೋ ತುಂಡನ್ನು ಇವರೇ ಸುಧಾರಿಸಿಕೊಟ್ಟು, ಅದು ಹೊಂದದೆ, ಆ ಮನುಷ್ಯ ಬೀದಿಯಲ್ಲಿ ಮಾನ ಕಳೆದಿದ್ದನಂತೆ. ಅವತ್ತಿನಿಂದ ಈ ವ್ರತ.

ನಾನು ಗುಡ್ಡವನ್ನು ಅವರ ಮುಂದಿಟ್ಟೆ. ಅವರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಯಂತ್ರ ಓಡಿಸೋರು ಯಾರು ಸ್ವಾಮಿ?"

"ಅದೆಲ್ಲ ನಿಮಗ್ಯಾಕೆ? ನಾನು ಎಂಜಿನಿಯರು. ಇದೇ ಥರ ಇನ್ನೊಂದು ಮಾಡಿ. ಕೂದಲೆಳೆ ವ್ಯತ್ಯಾಸ ಇರಕೂಡದು."

ಎಂಜಿನಿಯರಾಗಲು ಆಗ ಇನ್ನೂ ಎರಡು ವರ್ಷ ಬಾಕಿ ಇತ್ತು. ಸಿದ್ಧಾಚಾರ್ರು ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು ನೋಡಿ, "ಆಗಲಿ," ಎಂದರು.

ಐದು ದಿನಕ್ಕೆ ತುಂಡು ಕೈಗೆ ಬಂತು. ಎಣ್ಣೆಯಲ್ಲಿ ಹದ ಹಾಕಿದ ನೀಲಿ ಉಕ್ಕು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅತ್ತೆ ಅದನ್ನು ಕೂರಿಸಿ ಹಿಡಿ ತಿರುಗಿಸಿದಳು. ಅದೇ ಜಾಗದಲ್ಲಿ ಅದೇ ಕುಣಿಕೆಗಳು ಬಿಟ್ಟವು. ಅದೇ ತೂತುಗಳು. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದೆ. ಹಳೆಯದರಲ್ಲಿ ಸೂಜಿಗಳು ಉಜ್ಜಿ ಉಜ್ಜಿ ಎಲ್ಲಿ ಹಳ್ಳ ಬಿದ್ದಿತ್ತೋ, ಹೊಸದರಲ್ಲಿಯೂ ಅಲ್ಲಿಯೇ ಅಷ್ಟೇ ಹಳ್ಳ. ಆ ಮಹಾನುಭಾವರು ಸವೆತವನ್ನೂ ಬಿಡದೆ ಅರದಿಂದ ತೀಡಿ ಇಳಿಸಿದ್ದರು. ಹೊಚ್ಚಹೊಸ ಸವೆದ ಗುಡ್ಡ!

ನಾನು ಕಾಟನ್‌ಪೇಟೆಗೆ ಓಡಿದೆ. ಗಿರಾಕಿಗಳ ಎದುರಿಗೇ ಕೂಗಾಡಿದೆ. "ಕಣ್ಣು ಕಾಣಲ್ವೇನ್ರಿ ನಿಮಗೆ? ಹಳ್ಳ ಬಿದ್ದಿರೋದು ತಿಳಿಯಲಿಲ್ವಾ?"

ಅವರು ಅರವನ್ನು ಕೆಳಗಿಟ್ಟು ನಿಧಾನವಾಗಿ ಅಂದರು. "ಕಾಣ್ತು ಸ್ವಾಮಿ. ಅದು ಸವೆದ ಹಳ್ಳವೋ, ಮಾಡಿದೋರು ಬೇಕೂಂತ ಇಟ್ಟ ದಾರಿಯೋ, ನನಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಓಡಿಸೋರು ಯಾರು ಅಂತ ಕೇಳಿದೆ. ನೀವಾ?"

"ನಮ್ಮತ್ತೆ."

"ಹಾಗಾದ್ರೆ ಅವರನ್ನ ಕರ್ಕೊಂಡ್ಬನ್ನಿ, ಯಂತ್ರದ ಸಮೇತ."

"ಹೆಂಗಸರು ಈ ಗಲ್ಲಿಗೆ ಬರ್ತಾರೇನ್ರಿ!" ಎಂದು ಗದರಿ, ತುಂಡನ್ನು ಅಲ್ಲೇ ಎಸೆದು ಬಂದೆ. ಅವರು ಅದನ್ನು ನೆಲದಿಂದ ಎತ್ತಿಕೊಂಡು, ಬಟ್ಟೆಯಿಂದ ಒರೆಸಿ, ಗೂಡಿನಲ್ಲಿಟ್ಟದ್ದನ್ನು ಬಾಗಿಲಿನಿಂದ ಕಂಡೆ. ಅವತ್ತು ನನ್ನ ಸಿಟ್ಟು ನೂರಕ್ಕೆ ನೂರು ನ್ಯಾಯವಾದದ್ದು ಎಂದು ನಾನು ನಂಬಿದ್ದೆ. ಮಾದರಿಯನ್ನು ದೇವರೆಂದು ಪೂಜಿಸುವ ಈ ಜನರಿಂದ ದೇಶ ಮುಂದೆ ಬರುವುದು ಹೇಗೆ ಎಂದು ಚಾಮರಾಜಪೇಟೆಯವರೆಗೆ ದಾರಿಯುದ್ದಕ್ಕೂ ಗೊಣಗಿದೆ.

ಈಗ ಶಾಸ್ತ್ರದ ಸರದಿ. ನಾನು ಮೂರು ಸಂಜೆ ಕೂತು, ಗುಡ್ಡದ ಅಳತೆ ತೆಗೆದು, ಅಚ್ಚುಕಟ್ಟಾದ ನಕ್ಷೆ ಬರೆದೆ. ಹಳ್ಳವನ್ನು ತುಂಬಿಸಿದೆ. ವಕ್ರವಾದದ್ದನ್ನು ನೆಟ್ಟಗೆ ಮಾಡಿದೆ. ಇಳಿಜಾರು ಇಷ್ಟೇ ಡಿಗ್ರಿ, ಮೂಲೆ ಇಷ್ಟೇ ಎಂದು ದಶಾಂಶದ ಮೂರನೇ ಸ್ಥಾನದವರೆಗೆ ಬರೆದು, ಕೆಳಗೆ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಹಾಕಿದೆ. ಪರಿಚಯದವರ ಕೈಕಾಲು ಹಿಡಿದು ಒಂದು ದೊಡ್ಡ ಕಾರ್ಖಾನೆಯಲ್ಲಿ ಆ ನಕ್ಷೆಯಂತೆ ತುಂಡು ಕೊರೆಸಿದೆ. ನಕ್ಷೆಗೂ ತುಂಡಿಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆ ಕೊರೆದವರದೇನೂ ತಪ್ಪಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ಅತ್ತೆ ತುಂಡನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದಳು. "ಮೂಲೆ ಚೂಪಾಗಿದೆಯಲ್ಲೋ. ಸೂಜಿ ಕಾಲು ಎಡವುತ್ತೆ."

"ಅತ್ತೆ, ಲೆಕ್ಕ ಹಾಕಿ ಮಾಡಿದ್ದು ಇದು. ನಿನಗೆ ತಿಳಿಯಲ್ಲ. ನೀನು ಸುಮ್ಮನೆ ತಿರುಗಿಸು."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಕಾಲೇಜಿಗೆ ಹೋಗುವ ಅಣ್ಣನ ಮಗ. ಅವಳು ಮೂರನೇ ಕ್ಲಾಸು. ತಿರುಗಿಸಿದಳು. ಟಿಕ್ ಎಂದಿತು. ಟಿಕ್, ಟಿಕ್, ಟಿಕ್. ಅವಳು ಕೈ ಬಿಡುವಷ್ಟರಲ್ಲಿ ಹನ್ನೊಂದು ಸೂಜಿಗಳ ಕಾಲು ಮುರಿದು ಮೇಜಿನ ಮೇಲೆ ಬಿದ್ದಿದ್ದವು. ಹಡಗಿನಲ್ಲಿ ಬರಬೇಕಾದ ಸೂಜಿಗಳು. ಇಡೀ ಊರಿನಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಅವಳು ಆ ಹನ್ನೊಂದು ತುಂಡುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ, "ಆ ಆಚಾರ್ರು ಏನೆಂದರು? ಸರಿಯಾಗಿ ಹೇಳು," ಎಂದು ಕೇಳಿದಳು. ನಾನು ತಲೆ ತಗ್ಗಿಸಿ ಹೇಳಿದೆ. ಅವರು ಕರೆದುಕೊಂಡು ಬಾ ಎಂದದ್ದನ್ನೂ, ನಾನು ಗದರಿದ್ದನ್ನೂ.

"ನನ್ನ ಕೇಳದೆ ಯಾಕೋ ಬರಲ್ಲ ಅಂದೆ?" ಎಂದಳು. ಅವಳ ದನಿ ಏರಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. "ಎಲ್ಲರೂ ನನ್ನ ಪರವಾಗಿ ಮಾತಾಡ್ತೀರಿ. ಮಲ್ಲೇಶ್ವರದವರೂ ಅಷ್ಟೆ, ನೀನೂ ಅಷ್ಟೆ. ಹೋಗು, ಜಟಕಾ ತಾ."

ಮಾರನೆಯ ಬೆಳಿಗ್ಗೆ ಯಂತ್ರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ನಾಗತ್ತೆ ಕಾಟನ್‌ಪೇಟೆಗೆ ಹೊರಟಳು. ಮೂಟೆ ಹೊರುವವರು ದಾರಿ ಬಿಟ್ಟು ನಿಂತು ನೋಡಿದರು. ಅವಳು ತಲೆಯ ಮೇಲೆ ಸೆರಗು ಹೊದ್ದು, ಸೊಂಟ ನೆಟ್ಟಗೆ ಮಾಡಿಕೊಂಡು ಗಲ್ಲಿಯೊಳಗೆ ನಡೆದಳು. ಸಿದ್ಧಾಚಾರ್ರು ಎದ್ದು ನಿಂತು, ಲೇತಿನ ಪಟ್ಟಿ ನಿಲ್ಲಿಸಿ, ತಮ್ಮ ಸ್ಟೂಲನ್ನು ಒರೆಸಿ ಅವಳಿಗೆ ಕೊಟ್ಟರು. ತಾವು ನೆಲದ ಮೇಲೆ ಕೂತರು. ಗೂಡಿನಿಂದ ನಾನು ಎಸೆದುಹೋಗಿದ್ದ ತುಂಡನ್ನು ತೆಗೆದು ಯಂತ್ರಕ್ಕೆ ಕೂರಿಸಿದರು.

"ಇದು ಎಲ್ಲಿ ತಪ್ಪುತ್ತೆ ತಾಯಿ?"

ಅತ್ತೆ ಕಣ್ಣು ಮುಚ್ಚಿಕೊಂಡು ಹಿಡಿಯನ್ನು ಮೆಲ್ಲಗೆ ತಿರುಗಿಸಿದಳು. "ಇಲ್ಲಿ ಮೇಲೆ ಹತ್ತೋದೇ ಇಲ್ಲ. ಅರ್ಧಕ್ಕೇ ಸುಸ್ತಾಗುತ್ತೆ."

ಹಳ್ಳಬಿದ್ದ ಆ ತುಂಡನ್ನು ಇನ್ನು ತೀಡಿ ಪ್ರಯೋಜನವಿರಲಿಲ್ಲ. ಆಚಾರ್ರು ಹೊಸ ಉಕ್ಕು ತೆಗೆದುಕೊಂಡರು. ಸ್ವಲ್ಪ ಎತ್ತರ ಹೆಚ್ಚಾಗಿಯೇ ಬಿಟ್ಟು ಒರಟಾಗಿ ಕೊರೆದರು. ಅಲ್ಲಿಂದ ಶುರುವಾಯಿತು. ಅವಳು ಒಂದು ಸುತ್ತು ತಿರುಗಿಸುವುದು, ಅವರು ಬಿಚ್ಚಿ ಅರದಲ್ಲಿ ಎರಡು ಎಳೆತ ಎಳೆಯುವುದು, ಮತ್ತೆ ಕೂರಿಸುವುದು.

"ಈಗ?"

"ಹತ್ತುತ್ತೆ. ತುದೀಲಿ ಗಂಟಲಿಗೆ ಮುಳ್ಳು ಸಿಕ್ಕಿದ ಹಾಗಾಗುತ್ತೆ."

"ಈಗ ನೋಡಿ ತಾಯಿ."

"ಮುಳ್ಳು ಹೋಯ್ತು. ಇಳಿಯುವಾಗ ಅವಸರ ಮಾಡುತ್ತೆ."

ಸಿದ್ಧಾಚಾರ್ರ ಮುಖ ಅರಳುತ್ತ ಹೋಯಿತು. "ನಲವತ್ತು ವರ್ಷ ಆಯ್ತು ಈ ಅರ ಹಿಡಿದು. ಹೀಗೆ ಹೇಳೋರು ಒಬ್ಬರೂ ಬಂದಿಲ್ಲ. ಬಂದೋರೆಲ್ಲ ಅರ್ಜೆಂಟು ಅಂತಾರೆ, ಇಲ್ಲ ಬೈತಾರೆ," ಎಂದು ನನ್ನ ಕಡೆ ಒಂದು ನೋಟ ಎಸೆದರು. ನಾನು ಕಂಬಳಿಯನ್ನು ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಆ ಇಡೀ ಬೆಳಿಗ್ಗೆ ನನ್ನಿಂದ ಯಾರಿಗೂ ಬೇಕಾದದ್ದು ಅದೊಂದೇ.

ಮಧ್ಯಾಹ್ನದ ಹೊತ್ತಿಗೆ ಒಂದು ಕೊನೆಯ ತೊಡಕು ಉಳಿಯಿತು. ಪ್ರತಿ ಸುತ್ತಿಗೂ ಒಂದೇ ಕಡೆ ಕೈಗೆ ತಡೆ. ಅತ್ತೆ ಅಂದಳು, "ಇದು ಗುಡ್ಡದ ತಪ್ಪಲ್ಲ ಆಚಾರ್ರೇ. ದೊರೆಸಾನಿ ಕೈಯಲ್ಲಿ ಈ ಯಂತ್ರ ಯಾವಾಗಲೋ ಬಿದ್ದಿದೆ. ಬಳೆ ಒಂದು ಕಡೆ ಸ್ವಲ್ಪ ಕುಂಟುತ್ತೆ." ಆಚಾರ್ರು ತಲೆದೂಗಿ, ಗುಡ್ಡದ ಇಳಿಜಾರಿನ ಬುಡದಲ್ಲಿ ಉಗುರಿನ ಗೀರಿನಷ್ಟು ಸಣ್ಣ ತಗ್ಗು ಮಾಡಿದರು. ತಡೆ ಹೋಯಿತು. ಅವರು ತುಂಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಹದ ಹಾಕಿ ಕೊಟ್ಟರು.

ಮುರಿದ ಸೂಜಿಗಳ ಮಾತು ಉಳಿಯಿತಲ್ಲ. ಅವನ್ನು ಮಾಡುವುದು ತಮ್ಮಿಂದಾಗದು ಎಂದು ಆಚಾರ್ರು ಕೈ ಮುಗಿದುಬಿಟ್ಟರು. ಮನೆಗೆ ಬಂದು ಅತ್ತೆ ಉರುಳೆಯ ಗೀರುಗಳನ್ನು ಬೆರಳಿಟ್ಟು ಎಣಿಸಿದಳು. ಆಮೇಲೆ ಉಳಿದ ಅರವತ್ತೊಂದು ಸೂಜಿಗಳಲ್ಲಿ ಇನ್ನೊಂದನ್ನು ತಾನೇ ಕಿತ್ತಳು. ನಾನು ಗಾಬರಿಯಾದೆ. ಅವಳು ಉಳಿದ ಅರವತ್ತನ್ನು ಐದೈದರಂತೆ ಜೋಡಿಸಿ, ಪ್ರತಿ ಐದರ ನಂತರ ಒಂದು ಗೀರನ್ನು ಖಾಲಿ ಬಿಟ್ಟಳು. ಸುತ್ತ ಹನ್ನೆರಡು ಕಡೆ ಖಾಲಿ. ತಿರುಗಿಸಿದರೆ ಕಾಲ್ಚೀಲದ ಉದ್ದಕ್ಕೂ ಹನ್ನೆರಡು ಗೆರೆಗಳು, ಸಮಸಮನಾಗಿ, ಬೇಕೆಂದೇ ಹೆಣೆದಂತೆ ಇಳಿದು ಬಂದವು. ಕಾಲಿಗೂ ಬಿಗಿಯಾಗಿ ಕೂರುತ್ತಿತ್ತು. ಶಾಲೆಯ ಹೆಡ್‌ಮಾಸ್ಟರು ಮೊದಲ ಜೊತೆ ನೋಡಿ, "ಗೆರೆ ಬಹಳ ಚೆನ್ನಾಗಿದೆ, ಎಲ್ಲವೂ ಹೀಗೇ ಇರಲಿ," ಎಂದರಂತೆ.

ಹುಣ್ಣಿಮೆ ಕಳೆದ ಮಾರನೇ ದಿನ ಭಾವನವರು ಹೇಳಿದ ಹಾಗೆಯೇ ಜಟಕಾ ತಂದರು. ಗಾಡಿಯವನನ್ನು ನಿಲ್ಲಿಸಿ, ಒಳಗೆ ಬಂದು, "ಸಾಮಾನು ಕಟ್ಟಿಲ್ವೇನಮ್ಮಾ?" ಎಂದರು.

ಅತ್ತೆ ತಲೆ ಎತ್ತಲಿಲ್ಲ. "ಚೀಲದ ಹಿಮ್ಮಡಿ ತಿರುಗಿಸ್ತಿದೀನಿ ಭಾವ. ಮಧ್ಯದಲ್ಲಿ ಎದ್ದರೆ ಕುಣಿಕೆ ಬಿಟ್ಟುಹೋಗುತ್ತೆ. ಕೂತ್ಕೊಳ್ಳಿ."

ಅವರು ಕೂತರು. ಒಂದು ಹಿಮ್ಮಡಿ ಮುಗಿಯಿತು, ಇನ್ನೊಂದು ಶುರುವಾಯಿತು. ಕೋಣೆಯ ತುಂಬ ಖಾಕಿ ಕಾಲ್ಚೀಲಗಳು ಹಗ್ಗದ ಮೇಲೆ ನೇತಾಡುತ್ತಿದ್ದವು. ಹೊರಗೆ ಕುದುರೆ ಕೆನೆಯುತ್ತಿತ್ತು. ನಾಲ್ಕನೆಯ ಹಿಮ್ಮಡಿಗೆ ಭಾವನವರು ಛತ್ರಿ ತೆಗೆದುಕೊಂಡು ಎದ್ದು ಹೋದರು. ಆ ಜಟಕಾ ಖಾಲಿ ಹೋದ ಸದ್ದು ನಾನು ಕೇಳಿದ ಸಂಗೀತಗಳಲ್ಲೆಲ್ಲ ಉತ್ತಮವಾದದ್ದು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನಿಮ್ಮ ಕಣ್ಣಿಗೆ ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಆದರೆ ಇಷ್ಟು ಹೊತ್ತು ಊರವರನ್ನೆಲ್ಲ ಬೈದ ಮೇಲೆ ಇದೊಂದನ್ನು ಮುಚ್ಚಿಡುವುದು ನ್ಯಾಯವಲ್ಲ.

ಕಡೆಯ ವರ್ಷದಲ್ಲಿ ನಾವೆಲ್ಲ ಒಂದೊಂದು ಪ್ರಬಂಧ ಒಪ್ಪಿಸಬೇಕಿತ್ತು. ನಾನು ಅತ್ತೆಯ ಮನೆಗೆ ಹೋಗಿ, ಎಣ್ಣೆ ಹಾಕುತ್ತೇನೆಂದು ಹೇಳಿ ಆ ಗುಡ್ಡವನ್ನು ಬಿಚ್ಚಿ, ಮೈಕ್ರೋಮೀಟರಿನಿಂದ ಅಳೆದು, ಪ್ರತಿಯೊಂದು ಬಾಗನ್ನೂ ಬಿಡದೆ ನಕ್ಷೆಗೆ ಇಳಿಸಿದೆ. 'ಸ್ವದೇಶಿ ಬಿಡಿಭಾಗದ ವಿನ್ಯಾಸ' ಎಂದು ಮೇಲೆ ಬರೆದೆ. ಕೆಳಗೆ ನನ್ನ ಹೆಸರು. ಪ್ರೊಫೆಸರು ಬೆನ್ನು ತಟ್ಟಿದರು. ನನ್ನ ಮೊದಲ ನೌಕರಿ ಆ ನಕ್ಷೆಯಿಂದಲೇ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೆ, ಐವತ್ತರ ದಶಕದ ಮೊದಲಲ್ಲಿ, ಒಂದು ಕಾರ್ಯಾಗಾರದವರು ಆ ನಕ್ಷೆಯಂತೆಯೇ ಇನ್ನೂರು ಗುಡ್ಡಗಳನ್ನು ಮಾಡಿ ಊರೂರಿಗೆ ಕಳಿಸಿದರು. ತಿಂಗಳೊಳಗೆ ದೂರುಗಳು ಬಂದವು. ಎಲ್ಲ ಯಂತ್ರಗಳೂ ಒಂದೇ ಕಡೆ ಎಡವುತ್ತಿವೆಯಂತೆ.

ನನಗೆ ಸಿಟ್ಟು ಬಂತು. ಓಡಿಸುವವರಿಗೆ ಬುದ್ಧಿಯಿಲ್ಲ ಎಂದು ಉತ್ತರ ಬರೆದೆ. ಮತ್ತೆ ದೂರು ಬಂತು. ಕೊನೆಗೆ ಒಂದು ತುಂಡನ್ನು ಜೇಬಿಗೆ ಹಾಕಿಕೊಂಡು, ಎಷ್ಟೋ ವರ್ಷದ ಮೇಲೆ ಕಾಟನ್‌ಪೇಟೆಯ ಆ ಗಲ್ಲಿಗೆ ಹೋದೆ. ಸಿದ್ಧಾಚಾರ್ರ ಕೈ ಆಗ ನಡುಗುತ್ತಿತ್ತು, ಕೆಲಸ ಬಿಟ್ಟಿದ್ದರು. ಜಗಲಿಯ ಮೇಲೆ ಕೂತಿದ್ದರು. ತುಂಡನ್ನು ಕೈಗೆ ಕೊಟ್ಟೆ. ಅವರು ಕಣ್ಣಿನಿಂದ ನೋಡಲಿಲ್ಲ, ಹೆಬ್ಬೆರಳಿನಿಂದ ಸವರಿದರು. ಬುಡದ ತಗ್ಗಿನ ಹತ್ತಿರ ಬೆರಳು ನಿಂತಿತು. ಆಮೇಲೆ ನಗತೊಡಗಿದರು, ಕೆಮ್ಮು ಬರುವವರೆಗೂ.

"ಸ್ವಾಮಿ, ಇದು ಆ ತಾಯಿಯ ಯಂತ್ರ ಕುಂಟುತ್ತೆ ಅಂತ ಇಟ್ಟ ಊರುಗೋಲು. ಕಾಲು ಸರಿ ಇರೋರಿಗೆಲ್ಲ ಊರುಗೋಲು ಹಂಚಿದೀರಲ್ಲಾ! ಕೂದಲೆಳೆ ವ್ಯತ್ಯಾಸ ಇಲ್ಲ, ಬಹಳ ಚೆನ್ನಾಗಿ ಮಾಡಿದೀರಿ."

ಹತ್ತು ವರ್ಷದ ಹಿಂದೆ ಅದೇ ಬಾಗಿಲಲ್ಲಿ ನಾನು ಕೂಗಾಡಿದ್ದು ಅವರಿಗೂ ನೆನಪಿತ್ತು, ನನಗೂ ನೆನಪಿತ್ತು. ಅವರು ಆ ಹಳ್ಳವನ್ನು ಕಂಡೇ ನಕಲು ಮಾಡಿದ್ದರು, ಓಡಿಸುವವರು ಯಾರೆಂದು ಕೇಳಿಯೂ ಇದ್ದರು. ನಾನು ಆ ತಗ್ಗು ಮಾಡುವಾಗ ಬಾಗಿಲಲ್ಲೇ ನಿಂತಿದ್ದೂ ಕಿವಿಗೊಡದೆ, ಆಮೇಲೂ ಯಾರನ್ನೂ ಕೇಳದೆ ಮಾಡಿದ್ದೆ. ನಗು ನಿಂತ ಮೇಲೆ ಅವರು ತುಂಡನ್ನು ಹಿಂದಕ್ಕೆ ಕೊಡುತ್ತ ಕೇಳಿದರು.

"ಕಾಗದದ ಮೇಲೆ ಆ ತಾಯಿ ಹೆಸರು ಹಾಕಿದೀರೇನು?"

ತಮ್ಮ ಹೆಸರನ್ನು ಕೇಳಲಿಲ್ಲ. ನಾನು ತುಂಡನ್ನು ಜೇಬಿಗೆ ಹಾಕಿಕೊಂಡು ಗಲ್ಲಿ ದಾಟಿ ಬಂದೆ. ಆ ನಕ್ಷೆಯನ್ನು ಅತ್ತೆಗೆ ಎಂದೂ ತೋರಿಸಲೂ ಇಲ್ಲ. ಅವಳು ಕೊನೆಯವರೆಗೂ ಚಾಮರಾಜಪೇಟೆಯ ಆ ಎರಡು ಕೋಣೆಗಳಲ್ಲೇ ಇದ್ದು, ಹನ್ನೆರಡು ಗೆರೆಯ ಕಾಲ್ಚೀಲ ಹೆಣೆಯುತ್ತಲೇ ಇದ್ದು, ಹೋದಳು. ನಾನು ದೊಡ್ಡ ಎಂಜಿನಿಯರೆಂದು ವಠಾರದವರಿಗೆಲ್ಲ ಹೇಳುತ್ತಿದ್ದಳಂತೆ. ಏಜೆಂಟರ ನಗುವನ್ನೂ ಭಾವನವರ ಮಾತನ್ನೂ ನೆನೆನೆನೆದು ಇಷ್ಟು ವರ್ಷ ಉರಿದೆನಲ್ಲ, ಅದು ಈ ಒಂದು ಉರಿಯನ್ನು ಮರೆಯಲಿಕ್ಕೇ ಇರಬೇಕು.

ಸವೆದ ಬಿಲ್ಲೆ ಇನ್ನೂ ನನ್ನ ಅಂಗೈಯಲ್ಲೇ ಇತ್ತು. ಮಾರನೆಯ ದಿನ ಅದನ್ನು ತೆಗೆದುಕೊಂಡು ಕಾಟನ್‌ಪೇಟೆಗೆ ಹೋದೆ. ಸಿದ್ಧಾಚಾರ್ರ ಕೋಣೆಯಲ್ಲಿ ಈಗ ಪ್ಲಾಸ್ಟಿಕ್ ಬಕೆಟ್ಟುಗಳ ಸಗಟು ಅಂಗಡಿ. ಎರಡು ಗಲ್ಲಿ ದಾಟಿದ ಮೇಲೆ ಒಂದು ಲೇತಿನ ಸದ್ದು ಕೇಳಿಸಿತು. ಒಳಗಿದ್ದಾತ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಮಾಡ್ಕೊಡ್ತೀನಿ ಸಾರ್. ಇದೇ ಥರ ತಾನೆ?" ಎಂದ.

ನನ್ನ ಬಾಯಲ್ಲಿ ಕೂದಲೆಳೆಯ ಆ ಹಳೆಯ ಮಾತು ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡು, ಬಿಲ್ಲೆಯನ್ನು ಹಿಂದಕ್ಕೆ ತೆಗೆದುಕೊಂಡು, "ನಾಳೆ ಬರ್ತೀನಿ," ಎಂದು ಮನೆಗೆ ಬಂದೆ. ಹೆಂಡತಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕೂತು ಕೇಳಿದೆ, "ಆ ಸದ್ದು ಹೇಗಿತ್ತು?"

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಇಂಥ ಪ್ರಶ್ನೆ ನನ್ನಿಂದ ಬಂದಿರಲಿಲ್ಲ. "ಹಲ್ಲು ಕಡಿದ ಹಾಗೆ," ಎಂದಳು ಕೊನೆಗೆ. "ಜಾರು ಬಲಗಡೆಗೆ ವಾಲುತ್ತೆ. ನಾನು ಒಂದು ಕೈಯಲ್ಲಿ ಒತ್ತಿ ಹಿಡ್ಕೊಂಡೇ ರುಬ್ಬೋದು. ಬರೀ ಬಿಲ್ಲೆ ಬದಲಾಯಿಸಿದರೆ ಮತ್ತೆ ಸವೆಯುತ್ತೆ. ಅದನ್ನೇ ಹೇಳೋಕೆ ಬಂದರೆ ನೀವು ಸುಮ್ನಿರು ಅಂದ್ರಿ."

ಈ ಬೆಳಿಗ್ಗೆ ಮಿಕ್ಸಿಯನ್ನು ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ಹೋದೆವು. ಲೇತಿನವನು ಅವಳಿಗೆ ಸ್ಟೂಲು ಹಾಕಿ, ನನ್ನ ಕಡೆ ತಿರುಗಿ, "ಹೇಳಿ ಸಾರ್, ಎಲ್ಲಿ ತೊಂದರೆ?" ಎಂದು ಕೇಳಿದ.

"ನನ್ನ ಕೇಳಬೇಡಿ," ಎಂದೆ. "ಓಡಿಸೋರು ಅವರು. ಅವರನ್ನ ಕೇಳಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಾರನ್ನು ಕೂರಿಸಿ, ಅಂಗೈಯಿಂದ ಒತ್ತಿ ಹಿಡಿದು ಹೇಳತೊಡಗಿದಳು. ನಾನು ಕಂಬಳಿಯನ್ನು ಮಡಿಚಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತೆ.